ಹೃದಯದ ಸಿಟಿ ಸ್ಕ್ಯಾನ್ ಆಮೇಲೆ, ಮೊದಲು ಅಣ್ಣ-ತಮ್ಮಂದಿರ ಎಕೋ ಆಗಲಿ

ಹರೆಯದ ಹುಡುಗ ಕುಸಿದು ಸತ್ತರೆ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಎರಡೇ ಮಾತು ಕೇಳುತ್ತವೆ. ‘ಹಾರ್ಟ್ ಅಟ್ಯಾಕ್ ಆತಂತ’ ಅನ್ನುವುದು ಒಂದು, ‘ಅವನ ಆಯುಷ್ಯ ಅಷ್ಟ ಇತ್ತು’ ಅನ್ನುವುದು ಇನ್ನೊಂದು. ಮಣ್ಣು ಮಾಡಿ ಬಂದು ದಿನಕರ್ಮ ಮುಗಿಸಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಅವನ ಅಣ್ಣನ, ತಮ್ಮನ, ತಂಗಿಯ ಎದೆಯನ್ನು ಯಾರಾದರೂ ನೋಡಿದರಾ ಎಂದು ಕೇಳುವವರು ಇರುವುದಿಲ್ಲ.

ಕೇಳಬೇಕು. ಯಾಕೆಂದರೆ ಚಿಕ್ಕ ವಯಸ್ಸಿನ ಹಠಾತ್ ಸಾವುಗಳಿಗೆ ಇರುವ ಕಾರಣಗಳಲ್ಲಿ ಒಂದು, ಮನೆತನದಲ್ಲಿ ಹರಿದು ಬರುವಂಥದ್ದು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಅದು. ಡಾಕ್ಟರರ ಚೀಟಿಯಲ್ಲಿ ಅದನ್ನು ‘ಎಚ್‌ಸಿಎಂ’ ಎಂದು ಬರೆದಿರುತ್ತಾರೆ. ಪೂರ್ತಿ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಹೆಸರು ಬಾಯಿಗೆ ಬರದಿದ್ದರೂ ಅಡ್ಡಿಯಿಲ್ಲ, ‘ಎಚ್‌ಸಿಎಂ’ ಅನ್ನುವ ನಾಲ್ಕು ಅಕ್ಷರ ನೆನಪಿರಲಿ.

ನಮ್ಮ ಕಡೆ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ ಇದ್ದಷ್ಟೂ ಒಳಗೆ ತಂಪು. ಹೃದಯದ ಲೆಕ್ಕ ಹಾಗಲ್ಲ. ಮೈಗೆಲ್ಲ ರಕ್ತ ತಳ್ಳುವ ಎಡಗಡೆಯ ಕೋಣೆಯ ಗೋಡೆ ದೊಡ್ಡವರಲ್ಲಿ ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಆಸುಪಾಸು ದಪ್ಪ ಇರುತ್ತದೆ. ಬಿಪಿಯಂಥ ಬೇರೆ ಕಾರಣ ಇಲ್ಲದೆ ಅದು 15 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾದರೆ ಎಚ್‌ಸಿಎಂ ಎಂದು ಗುರುತಿಸುತ್ತಾರೆ. ಮನೆಯಲ್ಲಿ ಒಬ್ಬರಿಗೆ ಈಗಾಗಲೇ ಇದ್ದರೆ ಉಳಿದವರಲ್ಲಿ 13 ಮಿಲಿಮೀಟರ್ ಕಂಡರೂ ಅನುಮಾನ ಪಡುತ್ತಾರೆ. ಗೋಡೆ ಒಳಮುಖವಾಗಿ ಬೆಳೆದಂತೆ ಕೋಣೆ ಸಣ್ಣದಾಗುತ್ತದೆ, ಬಿರುಸಾಗುತ್ತದೆ. ಬಹಳ ಜನರಲ್ಲಿ ಎರಡು ಕೋಣೆಗಳ ನಡುವಿನ ಗೋಡೆಯೇ ಹೆಚ್ಚು ದಪ್ಪವಾಗಿ, ರಕ್ತ ಹೊರಗೆ ಹೋಗುವ ಬಾಗಿಲಿಗೇ ಅಡ್ಡ ಬರುತ್ತದೆ. ಕೆಲವರಲ್ಲಿ ಸ್ನಾಯುವಿನ ಎಳೆಗಳು ಅಡ್ಡಾದಿಡ್ಡಿ ಬೆಳೆದು, ನಡುನಡುವೆ ಕಲೆ ಕಟ್ಟಿ, ಬಡಿತದ ತಾಳ ತಪ್ಪುತ್ತದೆ. ಹಠಾತ್ ಸಾವು ಬರುವುದು ಈ ತಾಳ ತಪ್ಪುವುದರಿಂದ. ಹಾರ್ಟ್ ಅಟ್ಯಾಕ್ ಅಂದರೆ ರಕ್ತನಾಳ ಕಟ್ಟಿಕೊಳ್ಳುವುದು. ಇದು ಬೇರೆ, ಅದು ಬೇರೆ.

ಸುಮಾರು 500 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ ಎಂಬುದು ಜಗತ್ತಿನ ಹಲವು ಕಡೆ ಒಪ್ಪಿದ ಲೆಕ್ಕ. ಹಾಗೆ ನೋಡಿದರೆ 5000 ಜನರ ಊರಿನಲ್ಲಿ ಹತ್ತು ಮಂದಿ. ಬಹುತೇಕರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ, ಅವರಲ್ಲಿ ಹೆಚ್ಚಿನವರು ವಯಸ್ಸಾಗುವವರೆಗೂ ಬದುಕುತ್ತಾರೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಗುರುತು ಸಿಕ್ಕರೆ ಮಾತ್ರೆಯಿಂದ, ಬೇಕಾದವರಿಗೆ ಎದೆಯೊಳಗೆ ಇಡುವ ಶಾಕ್ ಕೊಡುವ ಸಾಧನದಿಂದ, ಅಡ್ಡ ಬಂದ ಸ್ನಾಯುವನ್ನು ಕತ್ತರಿಸುವ ಆಪರೇಷನ್‌ನಿಂದ ಬದುಕು ಸಾಗುತ್ತದೆ. ಗುರುತು ಸಿಗದೆ ಉಳಿಯುವ ಒಬ್ಬಿಬ್ಬರದ್ದೇ ಚಿಂತೆ.

ಈಗ ಸಿಟಿ ಸ್ಕ್ಯಾನ್ ವಿಷಯಕ್ಕೆ ಬರೋಣ. ಹಾಸನ ಜಿಲ್ಲೆಯಲ್ಲಿ 2025ರ ಮೇ-ಜೂನ್‌ನಲ್ಲಿ ಸುಮಾರು 40 ದಿನಗಳೊಳಗೆ 20ಕ್ಕೂ ಹೆಚ್ಚು ಜನ ಹೃದಯದ ತೊಂದರೆಯಿಂದ ಸತ್ತರೆಂಬ ಸುದ್ದಿ ಬಂದಾಗ ರಾಜ್ಯವೆಲ್ಲ ಗಾಬರಿಬಿತ್ತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸರತಿ ಬೆಳೆಯಿತು. ‘ಹೃದಯದ ಸಿಟಿ ಮಾಡಿಸಿಕೊಂಡರೆ ಎಲ್ಲಾ ಗೊತ್ತಾಗತೈತಿ’ ಅನ್ನುವ ಮಾತು ನಮ್ಮ ಫೋನುಗಳಿಗೂ ಬಂದು ತಲುಪಿದೆ. ಸಾಲ ಮಾಡಿಯಾದರೂ ಒಮ್ಮೆ ಮಾಡಿಸಿಬಿಡೋಣ ಎನ್ನುವವರಿದ್ದಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಯಂತ್ರ ಒಳ್ಳೆಯದು, ಆದರೆ ಸರತಿಯಲ್ಲಿ ಅದರ ಜಾಗ ಮೊದಲನೆಯದಲ್ಲ.

ಹೃದಯದ ಸಿಟಿ ಏನು ಮಾಡುತ್ತದೆ? ಕೈಯ ನರಕ್ಕೆ ಅಯೋಡಿನ್ ಇರುವ ಔಷಧಿ ಬಿಟ್ಟು, ಅದು ಹೃದಯ ತಲುಪುವ ಹೊತ್ತಿಗೆ ಸರಿಯಾಗಿ ಸುತ್ತಲಿನಿಂದ ಎಕ್ಸ್‌ರೇ ಹಾಯಿಸಿ, ಕಂಪ್ಯೂಟರ್‌ನಲ್ಲಿ ಹೋಳುಹೋಳಾಗಿ ಚಿತ್ರ ಕಟ್ಟುತ್ತದೆ. ಹೃದಯ ನಿಂತ ವಸ್ತುವಲ್ಲ, ಬಡಿಯುತ್ತಲೇ ಇರುತ್ತದೆ. ಓಡುವ ಎತ್ತಿನ ಫೋಟೋ ತೆಗೆದಂತೆ ಚಿತ್ರ ಮಸುಕಾಗಬಾರದೆಂದು ಎದೆಗೆ ಇಸಿಜಿ ತಂತಿ ಹಚ್ಚಿ, ಬಡಿತದ ಗೊತ್ತಾದ ಕ್ಷಣದ ಚಿತ್ರವನ್ನಷ್ಟೇ ಬಳಸುತ್ತಾರೆ. ಬಡಿತ ನಿಧಾನವಾಗಲೆಂದು ಮೊದಲೇ ಮಾತ್ರೆ ಕೊಡುವುದುಂಟು. ಕೆಲವು ಸೆಕೆಂಡ್ ಉಸಿರು ಹಿಡಿಯಲು ಹೇಳುತ್ತಾರೆ. ಹಾಗಾಗಿ ಒಂದು ಮಾತು ಗಮನದಲ್ಲಿರಲಿ: ಬೈಕಿನಿಂದ ಬಿದ್ದವರ ತಲೆ ನೋಡುವ ಸಿಟಿ ಯಂತ್ರ ಇದ್ದ ಕಡೆಯೆಲ್ಲ ಹೃದಯದ ಸಿಟಿ ಆಗುವುದಿಲ್ಲ. ಅದಕ್ಕೆ ವೇಗದ ಯಂತ್ರ, ಇಸಿಜಿ ಜೋಡಣೆ, ಚಿತ್ರ ಓದಬಲ್ಲ ಡಾಕ್ಟರ್, ಈ ಮೂರೂ ಬೇಕು. ‘ನಮ್ಮಲ್ಲಿ ಸಿಟಿ ಐತಿ’ ಎಂಬ ಬೋರ್ಡ್ ನೋಡಿ ಒಳಗೆ ಹೋಗುವ ಮೊದಲು ಇದನ್ನು ಕೇಳಬೇಕು.

ದಪ್ಪ ಸ್ನಾಯುವಿನ ಕಾಯಿಲೆಯಲ್ಲಿ ಸಿಟಿಗೆ ನಿಜವಾದ ಕೆಲಸ ಇದೆ, ಅದನ್ನು ಸಣ್ಣದು ಮಾಡುವುದಿಲ್ಲ. ಎದೆನೋವು ಬಂದವರ ಇಸಿಜಿ ಹಾರ್ಟ್ ಅಟ್ಯಾಕ್ ಆದವರ ಹಾಗೆಯೇ ಕಾಣುವುದು ಎಚ್‌ಸಿಎಂನಲ್ಲಿ ಉಂಟು. ಆಗ ನಾಳ ಕಟ್ಟಿದೆಯೋ, ಗೋಡೆ ದಪ್ಪವಾಗಿದೆಯೋ, ಎರಡೂ ಇವೆಯೋ ಎಂಬುದನ್ನು ಸಿಟಿ ಒಂದೇ ಸಲಕ್ಕೆ ತೋರಿಸಬಲ್ಲದು. ಹೃದಯದ ತುದಿಯ ಭಾಗ ಮಾತ್ರ ದಪ್ಪವಾಗುವ ಒಂದು ಬಗೆ ಇದೆ, ಅದು ಎಕೋದಲ್ಲಿ ಕಣ್ಣು ತಪ್ಪಿಸಿಕೊಳ್ಳಬಹುದು, ಸಿಟಿಯಲ್ಲಿ ಕಾಣುತ್ತದೆ. ಸ್ನಾಯುವಿನಲ್ಲಿ ಕಟ್ಟಿದ ಕಲೆಯನ್ನು ನೋಡಲು ಎಂಆರ್‌ಐ ಎಲ್ಲಕ್ಕಿಂತ ಒಳ್ಳೆಯದು. ಆದರೆ ಹಳೆಯ ಪೇಸ್‌ಮೇಕರ್ ಇದ್ದವರಿಗೆ, ಆ ಕೊಳವೆಯಲ್ಲಿ ಮಲಗಲು ಜೀವ ಹೆದರುವವರಿಗೆ ಎಂಆರ್‌ಐ ಕಷ್ಟ. ಅಂಥವರಿಗೆ ಸಿಟಿಯೇ ಆಸರೆ. ಔಷಧಿ ಬಿಟ್ಟು ಕೆಲವು ನಿಮಿಷ ಕಾದು ಮತ್ತೊಮ್ಮೆ ಚಿತ್ರ ತೆಗೆದರೆ ಕಲೆಯ ಸುಳಿವೂ ಸಿಗುತ್ತದೆ. ಇನ್ನು ಅಡ್ಡಗೋಡೆಗೆ ರಕ್ತ ಕೊಡುವ ಸಣ್ಣ ನಾಳಕ್ಕೆ ಆಲ್ಕೋಹಾಲ್ ಬಿಟ್ಟು ಆ ಭಾಗವನ್ನು ಒಣಗಿಸುವ ಚಿಕಿತ್ಸೆ ಇದೆ. ಅದಕ್ಕೂ, ಆಪರೇಷನ್‌ಗೂ ಮುಂಚೆ ಎಲ್ಲಿ ಎಷ್ಟು ದಪ್ಪವಿದೆ, ಯಾವ ನಾಳ ಎಲ್ಲಿಗೆ ಹೋಗುತ್ತದೆ ಎಂಬ ನಕಾಶೆಯನ್ನು ಸಿಟಿ ಕೊಡುತ್ತದೆ. ಹೊಲದ ಸರ್ವೇ ನಕಾಶೆ ಇಲ್ಲದೆ ಬದು ಹಾಕಲು ಯಾರೂ ಹೋಗುವುದಿಲ್ಲವಲ್ಲ, ಹಾಗೆ.

ಗಮನಿಸಿ ನೋಡಿದರೆ ಇವೆಲ್ಲ ಕಾಯಿಲೆಯ ಗುರುತು ಅಥವಾ ಗಟ್ಟಿ ಅನುಮಾನ ಸಿಕ್ಕ ಮೇಲಿನ ಕೆಲಸಗಳು. ಡಾಕ್ಟರರ ಬಳಿ ಒಂದು ನಿರ್ದಿಷ್ಟ ಪ್ರಶ್ನೆ ಇರುತ್ತದೆ, ಉತ್ತರಕ್ಕೆ ಸಿಟಿಯನ್ನು ಕೇಳುತ್ತಾರೆ. ಪ್ರಶ್ನೆಯೇ ಇಲ್ಲದೆ ಉತ್ತರ ಕೊಂಡುಕೊಳ್ಳಲು ಹೋಗುವುದು ದುಡ್ಡು ದಂಡ.

ದಂಡ ದುಡ್ಡಿನದ್ದಷ್ಟೇ ಅಲ್ಲ. ಎಚ್‌ಸಿಎಂ ಇರುವ ಮನೆಯವರನ್ನು ಒಮ್ಮೆ ನೋಡಿ ಬಿಟ್ಟರೆ ಸಾಲದು. ಚಿಕ್ಕಂದಿನಲ್ಲಿ ಸರಿಯಾಗಿದ್ದ ಗೋಡೆ ಹರೆಯದಲ್ಲಿ ದಪ್ಪವಾಗಬಹುದು, ನಲವತ್ತು ದಾಟಿದ ಮೇಲೂ ಆಗಬಹುದು. ಅದಕ್ಕೇ ಮಕ್ಕಳು, ಹರೆಯದವರನ್ನು ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ನೋಡಬೇಕೆಂದು ಹೃದಯ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಪ್ರತಿ ಸಲವೂ ಎಳೆ ಮಕ್ಕಳಿಗೆ ಎದೆಯ ಎಕ್ಸ್‌ರೇಗಿಂತ ಹಲವು ಪಟ್ಟು ವಿಕಿರಣ ಹಾಯಿಸುವುದೇ? ಮೂತ್ರಪಿಂಡಕ್ಕೆ ಭಾರವಾಗುವ ಔಷಧಿ ಬಿಡುವುದೇ? ಬೇಕಿಲ್ಲ. ಎಕೋ ಇದೆ. ಬಸುರಿ ಹೆಂಗಸರಿಗೆ ಮಾಡುವ ಸ್ಕ್ಯಾನ್‌ನ ಹಾಗೆ ಶಬ್ದದ ಅಲೆಯಲ್ಲಿ ನೋಡುವುದು. ವಿಕಿರಣ ಇಲ್ಲ, ಸೂಜಿ ಇಲ್ಲ, ಖರ್ಚು ಸಿಟಿಯ ಒಂದು ಪಾಲು. ಗೋಡೆ ಎಷ್ಟು ದಪ್ಪ ಎಂಬುದರ ಜೊತೆಗೆ ರಕ್ತ ಹೋಗುವಾಗ ಎಷ್ಟು ಅಡ್ಡಿಯಾಗುತ್ತಿದೆ ಎಂಬುದನ್ನೂ ಎಕೋ ಅಳೆಯುತ್ತದೆ. ಆ ಅಡ್ಡಿಯ ಒತ್ತಡವನ್ನು ಸಿಟಿ ಅಳೆಯಲಾರದು. ಎಕೋ ಜೊತೆಗೆ ಒಂದು ಇಸಿಜಿ. ಎಚ್‌ಸಿಎಂ ಇದ್ದ ಹೆಚ್ಚಿನವರ ಇಸಿಜಿಯಲ್ಲಿ ಏನಾದರೊಂದು ವ್ಯತ್ಯಾಸ ಕಂಡೇ ಕಾಣುತ್ತದೆ.

ಸಿಟಿಗೆ ಹೋಗುವವರಿಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಹೃದಯದ ನಾಳಗಳು ಅಗಲವಾಗಿ ಕಾಣಲೆಂದು ಸ್ಕ್ಯಾನ್‌ಗೆ ಮುಂಚೆ ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಕೊಡುವ ರೂಢಿ ಇದೆ. ಅಡ್ಡಿ ಇರುವ ಎಚ್‌ಸಿಎಂನವರಿಗೆ ಅದು ಅಪಾಯ. ನಾಳಗಳು ಸಡಿಲಾಗಿ, ಹೃದಯಕ್ಕೆ ತುಂಬುವ ರಕ್ತ ಕಡಿಮೆಯಾಗಿ, ಬಾಗಿಲಿನ ಅಡ್ಡಿ ಇನ್ನೂ ಹೆಚ್ಚುತ್ತದೆ, ಬಿಪಿ ಇಳಿದು ಕುಸಿಯಬಹುದು. ಎದೆನೋವು ಅಂದ ಕೂಡಲೇ ಮನೆಯಲ್ಲಿ ಹಿರಿಯರ ಸಾರ್ಬಿಟ್ರೇಟ್ ಮಾತ್ರೆ ತೆಗೆದು ನಾಲಿಗೆ ಕೆಳಗೆ ಇಡುತ್ತಾರಲ್ಲ, ಅದೂ ಇದೇ ಜಾತಿಯ ಮಾತ್ರೆ. ಎಚ್‌ಸಿಎಂ ಎಂದು ಗೊತ್ತಿರುವವರು ಸ್ಕ್ಯಾನ್ ಕೋಣೆಯಲ್ಲಿ, ಯಾವುದೇ ದವಾಖಾನೆಯಲ್ಲಿ ಮೊದಲ ಮಾತಾಗಿ ಅದನ್ನೇ ಹೇಳಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ನೀರು ಕುಡಿಯದೆ ಹೊಲದಲ್ಲಿ ದುಡಿಯುವುದೂ ಇಂಥವರಿಗೆ ಕೆಟ್ಟದ್ದು, ಕಾರಣ ಅದೇ: ತುಂಬುವ ರಕ್ತ ಕಡಿಮೆಯಾದರೆ ಅಡ್ಡಿ ಹೆಚ್ಚು.

ಇನ್ನು ನಮ್ಮ ಸೋದರಿಕೆ ವಿಷಯ. ಕೆಲವರಿಗೆ ಮುಜುಗರ ಆದೀತು, ಆದರೂ ಬರೆಯಲೇಬೇಕು. ಸಾಮಾನ್ಯವಾಗಿ ಎಚ್‌ಸಿಎಂ ಬರಲು ತಂದೆ-ತಾಯಿ ಇಬ್ಬರಲ್ಲಿ ಒಬ್ಬರ ಜೀನ್‌ನಲ್ಲಿ ದೋಷ ಇದ್ದರೆ ಸಾಕು, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡು-ಹೆಣ್ಣು ಎಂಬ ಭೇದ ಇಲ್ಲ. ಇದರ ಜೊತೆಗೆ ನಮ್ಮ ನಾಡಿಗೇ ಸೇರಿದ ಒಂದು ಸಂಗತಿ ಇದೆ. ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಒಂದು ಶೋಧ ಪ್ರಕಟಿಸಿದರು. ಹೃದಯದ ಸ್ನಾಯುವಿಗೆ ಬೇಕಾದ ಒಂದು ಪ್ರೋಟೀನಿನ ಜೀನ್‌ನಲ್ಲಿ 25 ಅಕ್ಷರದಷ್ಟು ತುಂಡು ಬಿಟ್ಟುಹೋಗಿರುವುದು ಭಾರತ ಉಪಖಂಡದ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಇದೆ ಎಂದು ಅದರಲ್ಲಿ ಹೇಳಿದ್ದರು. ಧಂಡಪಾಣಿ ಅವರು ಆಮೇಲೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಇದೇ ಕೆಲಸ ಮುಂದುವರಿಸಿದರು. ಈ ತುಂಡು ಇಲ್ಲದವರೆಲ್ಲ ರೋಗಿಗಳಲ್ಲ, ಬಹಳ ಜನ ಏನೂ ತೊಂದರೆ ಇಲ್ಲದೆ ಇರುತ್ತಾರೆ. ವಯಸ್ಸಾದಂತೆ ಹೃದಯ ಸೋಲುವ ಸಾಧ್ಯತೆ ಹೆಚ್ಚು ಅಷ್ಟೇ. ಆದರೆ ತಂದೆಯಿಂದಲೂ ತಾಯಿಯಿಂದಲೂ ಎರಡೂ ಪ್ರತಿ ದೋಷವುಳ್ಳದ್ದೇ ಬಂದರೆ ಕಾಯಿಲೆ ಉಗ್ರ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಮನೆತನಗಳಲ್ಲಿ ಎರಡೂ ಪ್ರತಿ ಒಂದೇ ಮಗುವಿಗೆ ಬರುವ ಸಾಧ್ಯತೆ ಹೆಚ್ಚಾಗುತ್ತದೆ.

ಸೋದರಿಕೆ ಬಿಡಿ ಎಂದು ಬೋಧನೆ ಮಾಡಲು ನಾನು ಬಂದಿಲ್ಲ. ಹೊಲ, ಮನೆ, ನಂಬಿಕೆ ಎಲ್ಲ ಅದರಲ್ಲಿ ಹೆಣೆದುಕೊಂಡಿವೆ. ಆದರೆ ಒಂದೇ ಮನೆತನದಲ್ಲಿ ಇಬ್ಬರು ಚಿಕ್ಕ ವಯಸ್ಸಿನಲ್ಲಿ ಹೋಗಿದ್ದರೆ, ಮತ್ತೆ ಅಲ್ಲಿಯೇ ಕೊಡುಕೊಳ್ಳುವ ಮುಂಚೆ ಎರಡೂ ಕಡೆ ಒಂದು ಎಕೋ ಆಗಲಿ ಎನ್ನುವುದು ಅತಿಯಾದ ಮಾತಲ್ಲ. ಜಾತಕ ತೋರಿಸಲು ಎಷ್ಟು ಊರು ತಿರುಗುತ್ತೇವೆ!

ಲಗ್ನದ ಮಾತು ಬಂದದ್ದರಿಂದ ಇನ್ನೊಂದು. ಈ ಕಾಯಿಲೆ ಬಚ್ಚಿಡಲು ನಮ್ಮಲ್ಲಿ ದೊಡ್ಡ ಕಾರಣವೇ ಲಗ್ನ. ‘ಎದಿ ಬ್ಯಾನಿ ಐತಿ ಅಂದ್ರ ಹುಡುಗಿನ್ನ ಯಾರ ಮಾಡ್ಕೊಂತಾರ?’ ಎಂದು ಚೀಟಿಯನ್ನು ಟ್ರಂಕಿನೊಳಗೆ ಇಡುತ್ತಾರೆ. ಆಟದಲ್ಲಿ ಚಕ್ಕರ್ ಬಂದು ಬಿದ್ದ ಹುಡುಗಿಗೆ ‘ಉಪವಾಸ ಮಾಡಿದ್ಲು’ ಎನ್ನುತ್ತಾರೆ. ಓಡುವಾಗ, ಭಾರ ಎತ್ತುವಾಗ, ಕಬಡ್ಡಿ ಆಡುವಾಗ ಕಣ್ಣು ಕತ್ತಲೆ ಬಂದು ಬೀಳುವುದು, ಇತರರಿಗಿಂತ ಬೇಗ ದಮ್ಮು ಹತ್ತುವುದು, ಎದೆ ಹಿಡಿದುಕೊಂಡಂತೆ ಆಗುವುದು, ಸುಮ್ಮನೆ ಕೂತಾಗಲೂ ಡವಡವ ಎನ್ನುವುದು, ಇವನ್ನು ಉಪವಾಸದ ಲೆಕ್ಕಕ್ಕೆ ಹಾಕಬಾರದು. ಬಿದ್ದವರನ್ನು ನೋಡಿದವರು ಯಾರು, ಏನು ಮಾಡುವಾಗ ಬಿದ್ದರು ಎಂಬುದನ್ನು ಡಾಕ್ಟರ್ ಮುಂದೆ ಹೇಳುವುದು ಯಾವ ಯಂತ್ರಕ್ಕೂ ಕಡಿಮೆಯಲ್ಲ.

ಪೈಲ್ವಾನರ ಮನೆಯವರು ಕೇಳಬಹುದು: ನಮ್ಮ ಹುಡುಗನ ಹೃದಯ ಸಾಮು ಮಾಡಿಯೇ ದಪ್ಪ ಆಗಿರಬಾರದೇಕೆ? ಆಗಬಹುದು. ಕಸರತ್ತಿನಿಂದ ಗೋಡೆ ಸ್ವಲ್ಪ ದಪ್ಪವಾಗುತ್ತದೆ. ಅದು ಸಾಮಾನ್ಯವಾಗಿ ಹದ ಮೀರುವುದಿಲ್ಲ, ಕೆಲವು ತಿಂಗಳು ಸಾಮು ಬಿಟ್ಟರೆ ಇಳಿಯುತ್ತದೆ, ಕೋಣೆಯೂ ಸಣ್ಣದಾಗಿರುವುದಿಲ್ಲ. ಬಿಪಿಯವರಲ್ಲೂ ಗೋಡೆ ದಪ್ಪವಾಗುತ್ತದೆ, ಆದರೆ ಹೆಚ್ಚಾಗಿ ಎಲ್ಲ ಕಡೆ ಒಂದೇ ಸಮ. ಈ ವ್ಯತ್ಯಾಸ ಬಿಡಿಸುವುದು ಹೃದಯ ತಜ್ಞರ ಕೆಲಸ. ಅದೂ ಅಲ್ಲದೆ ಎಚ್‌ಸಿಎಂ ಎಂದ ಕೂಡಲೇ ಎಲ್ಲ ಆಟ ಬಂದ್ ಎನ್ನುವ ಹಳೆಯ ಮಾತು ಈಗಿಲ್ಲ. ಅಮೆರಿಕದ ಹೃದಯ ತಜ್ಞರ 2024ರ ಮಾರ್ಗಸೂಚಿ ಹಗುರದಿಂದ ಮಧ್ಯಮ ಮಟ್ಟದ ವ್ಯಾಯಾಮ ಒಳ್ಳೆಯದೆಂದೇ ಹೇಳುತ್ತದೆ. ಜೋರಿನ ಆಟವನ್ನು ಡಾಕ್ಟರ್ ಜೊತೆ ಕೂತು ಮಾತಾಡಿ ತೀರ್ಮಾನಿಸಿ ಎನ್ನುತ್ತದೆ.

ಸರ್ಕಾರದ ಕಡೆ ತಿರುಗೋಣ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿ, ನಾಳ ಕಟ್ಟಿದ್ದರೆ ದುಬಾರಿ ಇಂಜೆಕ್ಷನ್ ಅನ್ನು ಅಲ್ಲಿಯೇ ಪುಕ್ಕಟೆ ಕೊಡುವ ಒಳ್ಳೆಯ ಯೋಜನೆ. ಎದೆನೋವು ಬಂದಾಗ ಬೇರೆ ಲೆಕ್ಕ ಹಾಕದೆ ಮೊದಲು ಅಲ್ಲಿಗೇ ಓಡಬೇಕು. ಆದರೆ ಅದು ಹಾರ್ಟ್ ಅಟ್ಯಾಕ್‌ಗೆ ಕಟ್ಟಿದ ಯೋಜನೆ. ಎದೆನೋವು ಇಲ್ಲದ, ಅಣ್ಣನನ್ನು ಕಳಕೊಂಡ ಹದಿನೇಳರ ಹುಡುಗ ಅದರ ಬಾಗಿಲಿಗೆ ಬರುವುದೇ ಇಲ್ಲ.

ಅವನನ್ನು ಹುಡುಕಲು ಹೊಸ ಯೋಜನೆ ಬೇಕಿಲ್ಲ. ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ. ಹಲ್ಲು, ಕಣ್ಣು ನೋಡುವಾಗ ಮೂರು ಪ್ರಶ್ನೆ ಕೇಳಲಿ: ಓಡುವಾಗ ಎಂದಾದರೂ ಎಚ್ಚರ ತಪ್ಪಿದ್ದೀಯಾ? ಮನೆಯಲ್ಲಿ ಯಾರಾದರೂ ನಲವತ್ತು-ಐವತ್ತರೊಳಗೆ ಹಠಾತ್ತನೆ ಸತ್ತಿದ್ದಾರಾ? ಯಾರಿಗಾದರೂ ಹೃದಯ ದಪ್ಪ ಅಂದಿದ್ದಾರಾ? ಒಂದಕ್ಕೆ ಹೌದು ಎಂದರೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಇಸಿಜಿಗೆ ಕಳಿಸಲಿ. ಆಶಾ ಕಾರ್ಯಕರ್ತೆಯರಿಗೆ ಊರಿನ ಪ್ರತಿ ಸಾವೂ ಗೊತ್ತು. ಅವರ ಮೇಲೆ ಇನ್ನೊಂದು ಹೊರೆ ಹಾಕುವ ಮೊದಲು ಗೌರವಧನ ಸರಿಯಾಗಿ ಕೊಡಬೇಕು ಎಂಬುದೂ ನನ್ನ ಅಭಿಪ್ರಾಯವೇ.

ಹಾಸನದ ಸಾವುಗಳ ನಂತರ, ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟ ಮೇಲೆ, ಹಠಾತ್ ಸಾವುಗಳಲ್ಲಿ ಶವಪರೀಕ್ಷೆ ಆಗಬೇಕೆಂದು ಸರ್ಕಾರ ಹೇಳಿತು. ನಮ್ಮಲ್ಲಿ ಶವಪರೀಕ್ಷೆ ಅಂದರೆ ‘ಹೆಣ ಕೊಯ್ಯಸಬ್ಯಾಡ್ರಿ’ ಎಂದು ಕೈಮುಗಿಯುತ್ತಾರೆ. ಆ ಸಂಕಟ ಅರ್ಥವಾಗುತ್ತದೆ. ಆದರೆ ಈ ಕಾಯಿಲೆಯ ಸ್ಪಷ್ಟ ಪರಿಚಯ ವೈದ್ಯರಿಗೆ ಆದದ್ದೇ ಹಾಗೆ. ಲಂಡನ್ನಿನ ಶವಪರೀಕ್ಷೆ ತಜ್ಞ ಡೊನಾಲ್ಡ್ ಟಿಯರ್ 1958ರಲ್ಲಿ ಎಂಟು ಜನರ ಹೃದಯಗಳ ಬಗ್ಗೆ ಬರೆದರು. ಹೆಚ್ಚಿನವರು ಹರೆಯದಲ್ಲಿ ಹಠಾತ್ತನೆ ಸತ್ತವರು, ಎಲ್ಲರ ಗೋಡೆಯೂ ಒಂದು ಕಡೆ ವಿಪರೀತ ದಪ್ಪ. ಎರಡು ವರ್ಷದ ನಂತರ ಟಿಯರ್ ಮತ್ತು ಜೊತೆಗಾರರು ಇದೇ ಕಾಯಿಲೆಯ ಒಂದು ಕುಟುಂಬದ ಬಗ್ಗೆಯೇ ಲೇಖನ ಬರೆದರು. ಸತ್ತವನ ಹೃದಯ ಬದುಕಿರುವ ಒಡಹುಟ್ಟಿದವರ ವಿಷಯ ಹೇಳುತ್ತದೆ. ಚೀಟಿಯಲ್ಲಿ ಬರೀ ‘ಹೃದಯಾಘಾತ’ ಎಂದು ಬರೆದು ಕಳಿಸಿದರೆ ಆ ಮಾತು ಅವನ ಜೊತೆಗೇ ಮಣ್ಣಾಗುತ್ತದೆ.

ನಮ್ಮ ಮೂರು ತಾಲೂಕಿನವರು ಎಕೋ ಎಂದರೆ ಗದಗಿಗೋ, ಹುಬ್ಬಳ್ಳಿಗೋ, ಬಾಗಲಕೋಟೆಗೋ ಬಸ್ ಹತ್ತುತ್ತಾರೆ. ಒಬ್ಬ ರೋಗಿಯಾದರೆ ಹೋಗಿ ಬಂದಾರು. ಆದರೆ ಅಪ್ಪ, ಅವ್ವ, ನಾಲ್ಕು ಮಕ್ಕಳು, ಅವರ ಮಕ್ಕಳು ಎಲ್ಲರೂ ಒಂದು ದಿನದ ಕೂಲಿ ಬಿಟ್ಟು ಹೋಗುವುದು ಆಗದ ಮಾತು. ಅದಕ್ಕೇ ‘ತ್ರಾಸ ಇದ್ದಾಂವ ಅಷ್ಟ ಹೋಗ್ಲಿ’ ಎಂದು ಬಿಡುತ್ತಾರೆ. ಸಣ್ಣ ಸೂಟ್‌ಕೇಸಿನಷ್ಟು ಎಕೋ ಯಂತ್ರಗಳು ಈಗ ಇವೆ. ಗದಗಿನ ಜಿಮ್ಸ್‌ನಿಂದಲೋ ಹುಬ್ಬಳ್ಳಿಯ ಕಿಮ್ಸ್‌ನಿಂದಲೋ ಒಬ್ಬ ತಜ್ಞರು ತಿಂಗಳಿಗೊಮ್ಮೆ ರೋಣ, ನರಗುಂದ, ಗಜೇಂದ್ರಗಡದಲ್ಲಿ ಸರದಿಯಂತೆ ಕೂತರೆ, ಹತ್ತು ಹಲವು ಮನೆತನಗಳ ಎಕೋ ಆಗುತ್ತದೆ. ಅದರಲ್ಲಿ ಯಾರಿಗೆ ನಿಜವಾಗಿ ಸಿಟಿ ಬೇಕೋ, ಎಂಆರ್‌ಐ ಬೇಕೋ ಅವರ ಹೆಸರು ಬರೆದು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನ ದಾರಿ ತೋರಿಸಿ ಮುಂದಕ್ಕೆ ಕಳಿಸಲಿ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿದರೆ ಯಾವ ಚಿಕಿತ್ಸೆ ಕಾರ್ಡಿನಲ್ಲಿ ಬರುತ್ತದೆ ಎಂದು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋದರೆ ಆಮೇಲೆ ಒದ್ದಾಡಬೇಕಾಗುತ್ತದೆ.

ನಮ್ಮ ಶಾಸಕರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸಿಟಿ ಯಂತ್ರ ಉದ್ಘಾಟಿಸಿ ರಿಬ್ಬನ್ ಕತ್ತರಿಸಿದರೆ ನಾವೂ ಹೋಗಿ ಫೋಟೋ ಹಾಕುತ್ತೇವೆ, ಬೇಡವೆನ್ನುವುದಿಲ್ಲ. ಅದಕ್ಕಿಂತ ಮೊದಲು ಈ ಎಕೋ ದಿನ ಗೊತ್ತು ಮಾಡಲಿ. ಆಯಾ ಊರಿನ ಸಂತೆಯ ದಿನವೇ ಇಟ್ಟರೆ ಇನ್ನೂ ಒಳ್ಳೆಯದು. ಗಂಡಸರು ಹೇಗೂ ಸಂತೆಗೆ ಬಂದಿರುತ್ತಾರೆ, ಹೆಣ್ಣುಮಕ್ಕಳಿಗೆ ಬಸ್ಸಿನ ಚಾರ್ಜ್ ಇಲ್ಲ.